ಹೇರೋಹಳ್ಳಿಯಿಂದ ಕೆಂಗೇರಿಗೆ ಒಂದು ಸೀಸೆ ಬಾವಿನೀರು

ಶುಕ್ರವಾರ ಬೆಳಗ್ಗೆ ಏಳೂವರೆಯ ಹೊತ್ತಿಗೆ ನಾನೂ ನಮ್ಮ ಬೀದಿಯ ಅಜ್ಜಿ ಚಿಕ್ಕತಾಯಮ್ಮನವರೂ ಹೇರೋಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ನನ್ನ ಕೈಯಲ್ಲಿ ಒಂದು ಥರ್ಮಾಕೋಲ್ ಡಬ್ಬಿ. ಅದರೊಳಗೆ ಮಂಜುಗಡ್ಡೆಯ ನಡುವೆ ಮುಚ್ಚಳಕ್ಕೆ ಮುದ್ರೆ ಹಾಕಿದ ಒಂದು ಸೀಸೆ, ಸೀಸೆಯೊಳಗೆ ನಮ್ಮ ಬಾವಿಯ ನೀರು. ಅದನ್ನು ಕೆಂಗೇರಿಯ ನೀರು ಪರೀಕ್ಷೆಯ ಲ್ಯಾಬಿಗೆ ಮುಟ್ಟಿಸಬೇಕಾಗಿತ್ತು. ಬಸ್ಸು, ಮೆಟ್ರೋ, ಆಟೋ ಮೂರೂ ಸೇರಿ ಒಂದೂವರೆ ಗಂಟೆಯ ದಾರಿ. ಕಾಶಿಗೆ ಹೋಗಿ ಬಂದವರು ಪ್ರವಾಸದ ಕಥೆ ಬರೆಯುತ್ತಾರೆ, ಕೆಂಗೇರಿಗೆ ಹೋಗಿ ಬಂದವಳು ಏನು ಬರೆದಾಳು ಎಂದು ನಗಬೇಡಿ. ಕಾಶಿಗೆ ಹೋದವರು ಯಾರದೋ ಗಂಗೆಯನ್ನು ತಂಬಿಗೆಯಲ್ಲಿ ಹೊತ್ತು ತರುತ್ತಾರೆ. ನಾವು ನಮ್ಮ ಗಂಗೆಯನ್ನೇ ಹೊತ್ತುಕೊಂಡು ಹೊರಟಿದ್ದೆವು.

ಬಾವಿಯ ವಿಷಯ ಹೇಳದೆ ಬಸ್ಸು ಹತ್ತಿದರೆ ನಿಮಗೆ ಈ ಪ್ರಯಾಣ ಅರ್ಥವಾಗುವುದಿಲ್ಲ. ಹೇರೋಹಳ್ಳಿಯಲ್ಲಿ ಈಗ ನಮ್ಮ ಲೇಔಟ್ ಇರುವ ಜಾಗ ಒಂದು ಕಾಲಕ್ಕೆ ಚಿಕ್ಕತಾಯಮ್ಮನವರ ಗಂಡನ ಮನೆಯವರ ಹೊಲ. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಆ ಬಾವಿಯ ನೀರಿನಲ್ಲೇ ದಂಟು, ಕೊತ್ತಂಬರಿ ಬೆಳೆದು ರಾಜಾಜಿನಗರದ ಬೀದಿಗಳಲ್ಲಿ ಮಾರಿದವರು. ಹೊಲ ಸೈಟಾಯಿತು, ಸೈಟು ಮನೆಗಳಾದವು, ಬಾವಿ ಮಾತ್ರ ಪಾರ್ಕಿನ ಮೂಲೆಯಲ್ಲಿ ಉಳಿಯಿತು. ನಾವೆಲ್ಲ ಅದಕ್ಕೆ ಕಸ ಹಾಕಿದೆವು. ಆಮೇಲೆ ಬಂತಲ್ಲ, ಬೋರ್‌ವೆಲ್‌ಗಳೆಲ್ಲ ಕೈಕೊಟ್ಟ ಆ ಬೇಸಿಗೆ, ಆಗ ಟ್ಯಾಂಕರಿನವನ ಕೈಕಾಲು ಹಿಡಿದು ಸಾಕಾಗಿ ಬೀದಿಯ ಹೆಂಗಸರೆಲ್ಲ ಸೇರಿ ಬಾವಿಗೆ ಇಳಿಯುವವರನ್ನು ಕರೆಸಿದೆವು. ಒಡೆದ ಹೆಲ್ಮೆಟ್ಟು, ಹಳೇ ಹಾಸಿಗೆ, ಬಣ್ಣ ಬಿಟ್ಟ ಗಣಪತಿಗಳು, ಒಂದು ಇಡೀ ಸೈಕಲ್ಲು ಮೇಲೆ ಬಂದವು. ಹೂಳು ತೆಗೆಸಿ, ಸುತ್ತಲಿನ ಮನೆಗಳ ತಾರಸಿ ನೀರನ್ನು ಪೈಪಿನಲ್ಲಿ ತಂದು, ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಸೋಸಿ ಬಾವಿಗೆ ಬಿಟ್ಟೆವು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕಲ್ಲುಮೆಟ್ಟಿಲು ಒಂದೊಂದಾಗಿ ನೀರಿನಲ್ಲಿ ಮುಳುಗಿದವು. ಅವತ್ತು ನಾನು ಬ್ಲೌಸ್ ಹೊಲಿಯುವ ನನ್ನ ಅಂಗಡಿಗೆ ರಜ ಹಾಕಿ ಬಾವಿಯ ಕಟ್ಟೆಯ ಮೇಲೆ ಕೂತು ನೀರು ನೋಡಿದೆ. ಅಷ್ಟು ಹೆಮ್ಮೆ ನನಗೆ ಸ್ವಂತ ಮನೆಯ ಗೃಹಪ್ರವೇಶದಲ್ಲೂ ಆಗಿರಲಿಲ್ಲ.

ಈಗ ಆ ಬಾವಿಗೆ ಕುತ್ತು ಬಂದಿತ್ತು. ಪಾರ್ಕಿನಲ್ಲಿ ಓಪನ್ ಜಿಮ್ ಮಾಡುತ್ತೇವೆ, ಬಾವಿಗೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಮುಚ್ಚುತ್ತೇವೆ ಎಂದು ವಾರ್ಡ್ ಆಫೀಸಿನವರು ಹೊರಟಿದ್ದರು. ನಾವು ಹೋಗಿ ಜಗಳವಾಡಿದ ಮೇಲೆ ಅಲ್ಲಿನ ಇಂಜಿನಿಯರು, "ನೀರು ಬಳಸೋಕ್ಕೆ ಯೋಗ್ಯ ಅಂತ ಲ್ಯಾಬ್ ರಿಪೋರ್ಟ್ ತನ್ನಿ, ಬಿಡ್ತೀವಿ. ಇಲ್ದಿದ್ರೆ ಮುಂದಿನ ವಾರದ ಕೊನೇಲಿ ಕೆಲಸ ಶುರು" ಎಂದಿದ್ದರು. ಅದಾಗಲೇ ಒಮ್ಮೆ ನಾನೊಬ್ಬಳೇ ಕೊಂಡೊಯ್ದು ಕೊಟ್ಟ ನೀರು ಪರೀಕ್ಷೆಯಲ್ಲಿ ಫೇಲಾಗಿತ್ತು. ಕ್ರಿಮಿಗಳು ಮಿತಿ ಮೀರಿವೆ, ಎಲ್ಲಿಂದಲೋ ಏನೋ ಸೇರುತ್ತಿದೆ ಎಂದು ಬರೆದಿದ್ದರು. ನಾವು ಮೋರಿ ನೋಡಿದೆವು, ಮೂಲೆಮನೆಯ ಕಕ್ಕಸಿನ ಪಿಟ್ಟು ತೆಗೆಸಿ ನೋಡಿದೆವು, ಡ್ರಮ್ಮಿನ ಮರಳನ್ನೆಲ್ಲ ತೊಳೆದು ಒಣಗಿಸಿದೆವು. ಕಳ್ಳ ಸಿಕ್ಕಿರಲಿಲ್ಲ. ಇದು ಎರಡನೆಯ ಸಲ, ಬಹುಶಃ ಕೊನೆಯ ಸಲ. ಅದಕ್ಕೇ ಚಿಕ್ಕತಾಯಮ್ಮ, "ಈ ಸಲ ನಾನೂ ಬರ್ತೀನಿ ಕಣೇ. ನನ್ನ ಬಾವಿ, ನಾನೇ ಹೋಗಿ ಹೇಳ್ತೀನಿ" ಎಂದು ರೇಷ್ಮೆ ಸೀರೆ ಉಟ್ಟು ಹೊರಟಿದ್ದರು.

ಹಿಂದಿನ ರಾತ್ರಿ ಮಳೆಯಾಗಿ ರಸ್ತೆಯ ಗುಂಡಿಗಳೆಲ್ಲ ತುಂಬಿದ್ದವು. ಬಸ್ಸಿನಲ್ಲಿ ಹೆಂಗಸರು ಕಾಸು ಕೊಡಬೇಕಿಲ್ಲ. ಆಧಾರ್ ತೋರಿಸಿ ಶೂನ್ಯದ ಟಿಕೆಟ್ ಪಡೆದೆವು. ಕಂಡಕ್ಟರ್ ನನ್ನ ತೊಡೆಯ ಮೇಲಿನ ಡಬ್ಬಿ ನೋಡಿ, "ಐಸ್‌ಕ್ರೀಮಾ ಆಂಟಿ? ನಂಗೊಂದು ಇರ್ಲಿ" ಎಂದ.

"ಬಾವಿ ನೀರು ಕಣಪ್ಪ" ಎಂದೆ.

"ಬಾವೀನಾ? ಬೆಂಗಳೂರಲ್ಲಾ? ಯಾವ ಕಾಲದಲ್ಲಿದೀರಿ ನೀವು?"

ಚಿಕ್ಕತಾಯಮ್ಮ ಕಿಟಕಿಯ ಕಡೆಯಿಂದ ತಿರುಗಿ, "ನೀರಿರೋ ಕಾಲದಲ್ಲಿದೀವಿ" ಎಂದರು. ಮುಂದಿನ ಸೀಟಿನ ಹುಡುಗಿಯರು ಕಿಸಕ್ಕೆಂದು ನಕ್ಕರು. ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ದಾಟುವಷ್ಟರಲ್ಲಿ ನಿಂತವರಿಗೂ ಜಾಗವಿಲ್ಲದಂತಾಯಿತು. ನಾನು ಡಬ್ಬಿಯನ್ನು ಹಸುಗೂಸಿನಂತೆ ಅವುಚಿಕೊಂಡು ವಿಜಯನಗರದಲ್ಲಿ ಇಳಿದೆ.

ಮೆಟ್ರೋ ನಿಲ್ದಾಣದಲ್ಲಿ ಎಡವಟ್ಟಾಯಿತು. ಡಬ್ಬಿ ಯಂತ್ರದೊಳಗೆ ಹೋಗಿ ಬಂದ ಮೇಲೆ ತಪಾಸಣೆಯ ಹುಡುಗಿ ಅದನ್ನು ಪಕ್ಕಕ್ಕೆ ಎತ್ತಿಟ್ಟಳು. ಮಾತು ಕೇಳಿದ ಕೂಡಲೇ ಹುಬ್ಬಳ್ಳಿ ಕಡೆಯವಳೆಂದು ತಿಳಿಯಿತು.

"ಏನೈತ್ರಿ ಇದ್ರಾಗ?"

"ನೀರಮ್ಮ."

"ನೀರಿಗ್ಯಾಕ್ರಿ ಇಷ್ಟು ಬಂದೋಬಸ್ತು? ಒಂದು ಗುಟುಕು ಕುಡದು ತೋರಸ್ರಿ."

ಮುಚ್ಚಳ ತೆಗೆದರೆ ಮುಗಿಯಿತು, ಗಾಳಿ ತಾಕಿದ ನೀರನ್ನು ಲ್ಯಾಬಿನವರು ಮುಟ್ಟುವುದಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕತಾಯಮ್ಮ ತಮ್ಮ ಬ್ಯಾಗಿನಿಂದ ಒಂದು ಸ್ಟೀಲ್ ಬಾಟಲಿ ತೆಗೆದರು. "ಅದೂ ಇದೂ ಒಂದೇ ಬಾವೀದು ಕಣವ್ವ. ಅದನ್ನ ಮುಟ್ಬೇಡ, ಇದನ್ನ ನೋಡು" ಎಂದವರೇ ಬಾಟಲಿ ಎತ್ತಿ ಗಟಗಟ ಕುಡಿದುಬಿಟ್ಟರು. ಸಾಲಿನಲ್ಲಿ ನಿಂತಿದ್ದ ಆಫೀಸಿನ ಜನವೆಲ್ಲ ನೋಡುತ್ತಿದ್ದರು. ನಾನಾದರೋ ಕಾಯಿಸಿ ಆರಿಸಿ ಕುಡಿಯುವವಳು. ಅವರು ಮಾತ್ರ ಯಾರು ಎಷ್ಟು ಹೇಳಿದರೂ ಕೇಳದೆ ಸೇದಿದ ನೀರನ್ನೇ ಕುಡಿಯುತ್ತಾರೆ.

ಹುಡುಗಿ ನಕ್ಕಳು. "ನಮ್ಮೂರಾಗೂ ಇತ್ರಿ ಅಜ್ಜಿ, ಸೀನೀರ ಬಾವಿ. ಈಗ ಮುಚ್ಚ್ಯಾರ" ಎಂದು ಡಬ್ಬಿಯ ಮುಚ್ಚಳವನ್ನು ತಾನೇ ಭದ್ರವಾಗಿ ಒತ್ತಿ ಕೊಟ್ಟಳು. "ನಿಮ್ದರ ಉಳೀಲಿ. ಹೋಗ್ರಿ."

ರೈಲು ಮೈಸೂರು ರಸ್ತೆಯ ಮೇಲೆ ಸಾಗಿತು. ಎ.ಸಿ.ಯ ತಂಪಿಗೆ ಚಿಕ್ಕತಾಯಮ್ಮ ಸೆರಗು ಹೊದ್ದು ಕೂತರು. ನಾಯಂಡಹಳ್ಳಿ ದಾಟಿದ ಮೇಲೆ ಕೆಳಗೆ ವೃಷಭಾವತಿ ಕಾಣಿಸಿತು. ಕಪ್ಪು ನೀರು, ಅದರ ಮೇಲೆ ಬಿಳಿ ನೊರೆ. ಗಾಜು ಮುಚ್ಚಿದ್ದರಿಂದ ನಾತ ಒಳಗೆ ಬರಲಿಲ್ಲ. ಚಿಕ್ಕತಾಯಮ್ಮನ ತವರು ಕೆಂಗೇರಿಯ ಹತ್ತಿರ. ಆ ಹೊಳೆಯ ಮರಳು ಬಗೆದು ಒರತೆ ತೋಡಿ, ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಸುತ್ತಿದ್ದ ಕಥೆಯನ್ನು ನನಗೆ ಎಷ್ಟೋ ಸಲ ಹೇಳಿದ್ದಾರೆ. ಅವತ್ತು ಹೊಳೆ ಕಣ್ಮರೆಯಾಗುವವರೆಗೂ ನೋಡಿ, ನನ್ನ ಮಡಿಲಲ್ಲಿದ್ದ ಡಬ್ಬಿಯ ಮೇಲೆ ಕೈಯಿಟ್ಟುಕೊಂಡರು.

ಕೆಂಗೇರಿಯಲ್ಲಿ ಇಳಿದಾಗ ಎಂಟೂ ಮುಕ್ಕಾಲು. ಲ್ಯಾಬು ತೆರೆಯುವುದು ಒಂಬತ್ತೂವರೆಗೆ. ದರ್ಶಿನಿಯೊಂದರಲ್ಲಿ ತಟ್ಟೆ ಇಡ್ಲಿ ತಿಂದು ಬೈಟು ಕಾಫಿ ಕುಡಿದೆವು. ಇಡ್ಲಿ ಹತ್ತಿಯಂತಿತ್ತು, ಚಟ್ನಿಗೆ ಉಪ್ಪು ಒಂದು ಕಲ್ಲು ಹೆಚ್ಚು. ಹೊರಗೆ ಫುಟ್‌ಪಾತಿನ ಮೇಲೆ ಒಬ್ಬಾಕೆ ಗೋಣಿ ಹಾಸಿ ಸೊಪ್ಪು ಮಾರುತ್ತಿದ್ದಳು. ಸೊಪ್ಪು ಕಂಡರೆ ಚಿಕ್ಕತಾಯಮ್ಮನ ಕಾಲು ಮುಂದೆ ಹೋಗುವುದಿಲ್ಲ. ಒಂದು ಕಟ್ಟು ದಂಟು ಎತ್ತಿ ಬೇರು ತಿರುಗಿಸಿ ನೋಡಿದರು.

"ಹೊಳೆ ನೀರಲ್ಲ ಕಣಕ್ಕ, ಹೊಂಡದ ನೀರು" ಎಂದಳು ಆಕೆ, ಇವರು ಕೇಳುವ ಮೊದಲೇ. "ನಮ್ಮೂರು ಹೊಳೆ ಪಕ್ಕ ಅಂದ್ರೆ ಸಾಕು, ಜನ ಸೊಪ್ಪು ಮೂಸ್ ನೋಡಿ ಮಡಗ್ಬುಟ್ಟು ಹೋಯ್ತಾರೆ. ಆ ಹೊಳೇಗೆ ಕೊಳಕು ಬಿಟ್ಟೋರು ನಾವಾ? ಮೇಲಿಂದ ನೀವೇ ಬಿಟ್ಟು, ಕೆಳಗೆ ಬಂದು ನೀವೇ ಮೂಗು ಮುಚ್ಕತೀರಿ."

ನನಗೆ ನಾಚಿಕೆಯಾಯಿತು. ಆಕೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಚಿಕ್ಕತಾಯಮ್ಮ ಮಾತ್ರ ಗೋಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೇಬಿಟ್ಟರು. ಆಮೇಲೆ ಇಬ್ಬರಿಗೂ ಮಾತೋ ಮಾತು. ಆಕೆ ಹೊಲದ ತಗ್ಗಿನಲ್ಲಿ ಹೊಂಡ ತೆಗೆಸಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಮಳೆನೀರು ನಿಲ್ಲಿಸಿ ಸೊಪ್ಪು ಬೆಳೆಯುತ್ತಾಳಂತೆ. "ಸುತ್ತ ಬೇಲಿ ಬಿಗಿದಿವ್ನಿ. ಒಂದು ಕುರಿಗೂ ಮೂತಿ ಹಾಕಕ್ಕೆ ಬುಡಕಿಲ್ಲ" ಎಂದು ಎದೆ ಉಬ್ಬಿಸಿ ಹೇಳಿದಳು.

ಚಿಕ್ಕತಾಯಮ್ಮ ಬಿಟ್ಟಾರೆಯೇ? "ನಮ್ಮ ಬಾವಿ ಅಂದ್ರೆ ಏನಂದ್ಕೊಂಡೆ? ದೇವರ ಮನೆ ಇದ್ದಂಗಿದೆ. ಶುಕ್ರವಾರ ಶುಕ್ರವಾರ ಮಡೀಲಿ ಗಂಗೆ ಪೂಜೆ ಮಾಡ್ತೀನಿ. ನಮ್ಮ ಹಸೂದೇ ಹಾಲು, ಕರೆದ ಬಿಸಿ ಆರೋಕ್ಕೆ ಮುಂಚೆ ಒಂದು ಚೊಂಬು ಎರೀತೀನಿ. ಇವತ್ತು ಪರೀಕ್ಷೆ ಅಲ್ವಾ, ಎರಡು ಚೊಂಬು ಎರೆದೆ. ಬಾಳೆಹಣ್ಣೂ ಬಿಟ್ಟೆ."

ನಾನು ಅವರ ಪಕ್ಕಕ್ಕೆ ಬಗ್ಗಿದೆ.

"ಅಮ್ಮಾ, ಎಲ್ಲಿಗೆ ಎರೆದ್ರಿ?"

"ಬಾವಿಗೆ ಕಣೇ. ಇನ್ನೆಲ್ಲಿಗೆ?"

"ಯಾವಾಗ?"

"ನೀನು ಸೀಸೆ ಇಳಿಬಿಡೋಕ್ಕೆ ಮುಂಚೆ. ಒಳ್ಳೇದಾಗ್ಲಿ ಅಂತ."

ಅವರು ಕಟ್ಟೆಯ ಮೇಲೆ ಅರಿಶಿನ ಕುಂಕುಮ ಇಟ್ಟು ಎರಡು ಹೂವು ಮುಡಿಸುತ್ತಾರೆಂದು ನನಗೆ ಗೊತ್ತಿತ್ತು. ಹಾಲು ನೀರಿಗೇ ಹೋಗುತ್ತದೆಂದು ಗೊತ್ತಿರಲಿಲ್ಲ. ಪಾಪದ ಮೂಲೆಮನೆಯ ಪಿಟ್ಟನ್ನು ಬಗೆದು ನೋಡಿದೆವಲ್ಲ, ಕಳ್ಳ ಸಿಕ್ಕಿದ್ದು ರೇಷ್ಮೆ ಸೀರೆಯಲ್ಲಿ! ಅವರು ಅರವತ್ತು ವರ್ಷದಷ್ಟು ಹಿಂದೆ ಸೊಸೆಯಾಗಿ ಬಂದಾಗಿನಿಂದ ಮಾಡಿದ ಪೂಜೆ ಅದು. ಆಗ ಏತದಲ್ಲಿ ದಿನವಿಡೀ ನೀರೆತ್ತಿ ಹೊಲಕ್ಕೆ ಹಾಯಿಸುತ್ತಿದ್ದರು, ಎರೆದ ಹಾಲು ಸಂಜೆಯೊಳಗೆ ದಂಟಿನ ಬುಡ ಸೇರುತ್ತಿತ್ತು. ಈಗ ನೀರು ನಿಂತಲ್ಲೇ ನಿಂತಿರುತ್ತದೆ. ಇದನ್ನೆಲ್ಲ ಆ ಫುಟ್‌ಪಾತಿನಲ್ಲಿ ನಿಂತು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಸೊಪ್ಪಿನಾಕೆ ಕೈಯಲ್ಲಿದ್ದ ಕಟ್ಟನ್ನು ಹಾಗೇ ಹಿಡಿದುಕೊಂಡು ನಮ್ಮಿಬ್ಬರ ಮುಖ ನೋಡಿದಳು. ಚಿಕ್ಕತಾಯಮ್ಮ ಎದ್ದು ಸೀರೆಯ ಧೂಳು ಕೊಡವಿಕೊಂಡರು. "ಲ್ಯಾಬಿಗೆ ನಡಿ" ಎಂದಷ್ಟೇ ಹೇಳಿದರು.

ಆಟೋದವನು ಅರವತ್ತು ರೂಪಾಯಿ ಕೇಳಿದ, ನಾನು ಚೌಕಾಸಿಗೂ ಹೋಗಲಿಲ್ಲ. ಲ್ಯಾಬು ಒಂದು ಹಳೇ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಕನ್ನಡಕ ಹಾಕಿದ ಮೇಡಂ ಒಬ್ಬರು ಸೀಸೆ ತೆಗೆದುಕೊಳ್ಳುತ್ತಾ, "ಬಾವಿಗೆ ಇತ್ತೀಚೆಗೆ ಏನಾದ್ರೂ ಹಾಕಿದ್ರಾ? ಬ್ಲೀಚಿಂಗ್ ಪೌಡರ್ ಗಿವ್ಡರ್?" ಎಂದು ಕೇಳಿದರು. ಇಲ್ಲ ಎಂದುಬಿಡಲೇ ಎಂದು ಒಂದು ಕ್ಷಣ ನನ್ನ ನಾಲಗೆ ತುದಿಗೆ ಬಂದದ್ದು ನಿಜ. ಅಷ್ಟರಲ್ಲಿ ಚಿಕ್ಕತಾಯಮ್ಮ ಮುಂದೆ ಬಂದರು.

"ಹಾಲು ಹಾಕಿದೀನಿ. ನಾನೇ ಹಾಕಿದ್ದು, ಇವಳಿಗೆ ಗೊತ್ತಿರ್ಲಿಲ್ಲ. ಹಾಲು ಕೊಳಕಾ, ನೀವೇ ಹೇಳಿ."

ಮೇಡಂ ನಗಲಿಲ್ಲ. ಕುರ್ಚಿ ಎಳೆದು ಅವರನ್ನು ಕೂರಿಸಿದರು. "ಹಾಲು ಒಳ್ಳೇದೇ ಅಮ್ಮ. ನಮಗೆಷ್ಟು ಒಳ್ಳೇದೋ ಕ್ರಿಮಿಗಳಿಗೂ ಅಷ್ಟೇ ಒಳ್ಳೇದು. ನೀವು ಒಂದು ಚೊಂಬು ಎರೆದ್ರೆ ಅವಕ್ಕೆ ಹಬ್ಬದೂಟ ಬಡಿಸಿದ ಹಾಗೆ. ಬಾಳೆಹಣ್ಣು ಬೇರೆ ಹಾಕಿದ್ರೆ ಪಾಯಸಾನೂ ಆಯ್ತು."

"ಹಂಗಾದ್ರೆ ಈ ನೀರು?"

"ಈ ನೀರು ಬೇಡ. ಪಂಪ್ ಹಾಕಿ ಬಾವಿ ಚೆನ್ನಾಗಿ ಖಾಲಿ ಮಾಡಿಸಿ. ಒರತೆ ಮತ್ತೆ ತುಂಬ್ಕೊಳ್ಳುತ್ತೆ. ಏನೂ ಹಾಕ್ಬೇಡಿ, ಒಂದು ಹೂವೂ ಬೇಡ. ಮಂಗಳವಾರ ತನ್ನಿ, ಗುರುವಾರಕ್ಕೆ ರಿಪೋರ್ಟ್ ಕೊಡ್ತೀನಿ." ಅವರು ಹೊಸ ಸೀಸೆಯೊಂದನ್ನು ನನ್ನ ಕೈಗಿತ್ತು, ತಂದ ಸೀಸೆಯ ಮುದ್ರೆ ಒಡೆದು ನೀರನ್ನು ಸಿಂಕಿಗೆ ಚೆಲ್ಲಿದರು. ಬೆಳಗಿನಿಂದ ಎದೆಗವುಚಿಕೊಂಡು ಬಂದ ನೀರು. ನನ್ನ ಕಣ್ಣು ತುಂಬಿತು, ಮರೆಮಾಚಲು ಡಬ್ಬಿಯ ಮಂಜುಗಡ್ಡೆ ಸರಿಮಾಡುವವಳಂತೆ ಬಗ್ಗಿದೆ.

ವಾಪಸು ರೈಲಿನಲ್ಲಿ ಚಿಕ್ಕತಾಯಮ್ಮ ಸ್ಟೀಲ್ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. ಬೈದದ್ದು ಹೆಚ್ಚಾಯಿತೆಂದು ನನಗೂ ಕಸಿವಿಸಿ. ಮತ್ತೆ ಆ ಹೊಳೆ ಬಂತು, ಈ ಸಲ ಎಡಗಡೆಯ ಕಿಟಕಿಯೋ ಬಲಗಡೆಯದೋ ನೆನಪಿಲ್ಲ, ಅವರು ಎದ್ದು ಹೋಗಿ ಗಾಜಿಗೆ ಹಣೆ ಹಚ್ಚಿ ನಿಂತರು.

"ಈ ಹೊಳೇಗೂ ಪೂಜೆ ಮಾಡ್ತಿದ್ವಿ ಕಣೇ ಸುಮಾ. ನಮ್ಮಮ್ಮ ಒರತೆ ತೋಡೋಕ್ಕೆ ಮುಂಚೆ ಕೈಮುಗೀದೆ ಮರಳು ಮುಟ್ಟುತ್ತಿರ್ಲಿಲ್ಲ. ಕೈ ಮುಗಿದೋರೇ ಆಮೇಲೆ ಬೆನ್ನು ಹಾಕಿದ್ದು. ಈಗ ನನ್ನ ಬಾವೀನ ನಾನೇ ಕೆಡಿಸ್ತಿದ್ನಲ್ಲೇ."

"ಬಿಡಿ ಅಮ್ಮ. ಪ್ರೀತಿಯಿಂದ ಮಾಡಿದ್ದು" ಎಂದೆ.

"ಪ್ರೀತಿ ನಂದು. ಕುಡಿಯೋದು ಅವಳು ತಾನೆ?" ಎಂದರು ಅವರು. ಅವಳು ಎಂದರೆ ಗಂಗೆ. ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಕರಗಿ ನೀರಾಯಿತು.

ವಿಜಯನಗರದಲ್ಲಿ ಇಳಿದು, ಬಸ್ಸಿಗೆ ಬಹಳ ಹೊತ್ತು ಕಾದು, ಹೇರೋಹಳ್ಳಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಪಾರ್ಕಿನ ಗೇಟು ದಾಟುತ್ತಲೇ ಇಬ್ಬರೂ ನಿಂತುಬಿಟ್ಟೆವು. ಬಾವಿಯ ಸುತ್ತ ನಮ್ಮ ಬೀದಿಯ ಹೆಂಗಸರೆಲ್ಲ ನೆರೆದಿದ್ದರು. ಕಟ್ಟೆಗೆ ರಂಗೋಲಿ, ಮಾವಿನ ತೋರಣ. ಎಲ್ಲರ ಕೈಯಲ್ಲೂ ತಟ್ಟೆ, ಹೂವು, ಬಾಳೆಹಣ್ಣು, ಮತ್ತು ಹಾಲು. ಚೊಂಬಿನಲ್ಲಿ, ಲೋಟದಲ್ಲಿ, ಒಬ್ಬಳಂತೂ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಹಾಗೆಯೇ ಹಿಡಿದಿದ್ದಳು. ರಿಪೋರ್ಟು ಚೆನ್ನಾಗಿ ಬರಲೆಂದು ಮನೆಮನೆಯಿಂದಲೂ ಹಾಲೆರೆಯಬೇಕೆಂದು ಹಿಂದಿನ ದಿನ ಎಲ್ಲರಿಗೂ ಹೇಳಿ ಬಂದವರು ಸ್ವತಃ ಚಿಕ್ಕತಾಯಮ್ಮನವರೇ!

"ನಿಲ್ರೇ!" ಎಂದು ಅವರು ಕೂಗಿದ ಕೂಗಿಗೆ ಮರದ ಕಾಗೆಗಳೆಲ್ಲ ಹಾರಿದವು. ಆ ವಯಸ್ಸಿನಲ್ಲಿ, ಆ ರೇಷ್ಮೆ ಸೀರೆಯಲ್ಲಿ, ಅವರು ಓಡಿದ್ದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಹೋಗಿ ಕಟ್ಟೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತರು. "ಒಂದು ತೊಟ್ಟು ಬೀಳ್ಬಾರ್ದು!"

"ನೀವೇ ತಾನೆ ಅಜ್ಜಿ ಹೇಳಿದ್ದು, ಎಲ್ರೂ ಎರೀರಿ ಅಂತ?" ಎಂದಳು ಪ್ಯಾಕೆಟ್ಟಿನವಳು.

"ಹೇಳಿದ್ದೂ ನಾನೇ, ಬೇಡ ಅಂತಿರೋದೂ ನಾನೇ. ಹೋದ ಸಲ ನೀರು ಫೇಲಾಗಿದ್ದು ನನ್ನ ಹಾಲಿಂದ. ತಪ್ಪಾಯ್ತು. ಇನ್ಮೇಲೆ ಈ ಗಂಗೆ ಬಾಯಿಗೆ ನಾವು ಏನೂ ಸುರಿಯೋ ಹಂಗಿಲ್ಲ. ಪೂಜೆ ಕಟ್ಟೆ ಮೇಲೆ."

ಹೆಂಗಸರು ಮುಖಮುಖ ನೋಡಿಕೊಂಡರು. ಬೇರೆ ಯಾರು ಹೇಳಿದ್ದರೂ, ನಾನು ಹೇಳಿದ್ದರಂತೂ, ದೇವರ ಕೆಲಸಕ್ಕೆ ಅಡ್ಡ ಬಂದಳೆಂದು ಜಗಳವಾಗುತ್ತಿತ್ತು. ಚಿಕ್ಕತಾಯಮ್ಮ ಒಂದು ಕೊಡ ನೀರು ಸೇದಿ ಕಟ್ಟೆಯ ಮೇಲಿಟ್ಟು, ಕೊಡಕ್ಕೇ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಆರತಿ ಎತ್ತಿದರು. ತಂದ ಹಾಲನ್ನೆಲ್ಲ ತಮ್ಮ ಮನೆಯ ದೊಡ್ಡ ಪಾತ್ರೆಗೆ ಸುರಿಸಿಕೊಂಡು ಕಾಯಿಸಿದರು. ಅವತ್ತು ಬೀದಿಗೆ ಬೀದಿಯೇ ಕಟ್ಟೆಯ ಸುತ್ತ ಕೂತು ಗಟ್ಟಿ ಕಾಫಿ ಕುಡಿಯಿತು. ಸಂಜೆಗೇ ಪಂಪು ತರಿಸಿ ಬಾವಿ ಖಾಲಿ ಮಾಡಿಸಲು ಶುರುಮಾಡಿದೆವು. ಆ ನೀರೂ ದಂಡವಾಗಲಿಲ್ಲ, ಪಾರ್ಕಿನ ಗಿಡಗಳಿಗೆಲ್ಲ ಹಾಯಿಸಿದೆವು. ಶನಿವಾರದಿಂದ ಮಂಗಳವಾರದವರೆಗೆ ಚಿಕ್ಕತಾಯಮ್ಮ ಹಗಲೆಲ್ಲ ಕುರ್ಚಿ ಹಾಕಿಕೊಂಡು ಬಾವಿ ಕಾದರು. ಹೂವು ಹಿಡಿದು ಬಂದವರು ಅವರ ಕಣ್ಣು ನೋಡಿಯೇ ವಾಪಸು ಹೋದರು.

ಮಂಗಳವಾರ ಹೊಸ ಸೀಸೆ ತುಂಬಿ ಲ್ಯಾಬಿಗೆ ಕೊಟ್ಟು ಬಂದೆ, ಗುರುವಾರ ಸಂಜೆ ರಿಪೋರ್ಟು ಬಂತು. ಬಳಕೆಗೆ ಯೋಗ್ಯ, ಕುಡಿಯುವುದಾದರೆ ಕಾಯಿಸಿ ಆರಿಸಿ ಎಂದಿತ್ತು. ನಾನು ಓದಿ ಹೇಳುತ್ತಿದ್ದಂತೆ ಚಿಕ್ಕತಾಯಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. "ಇನ್ಮೇಲೆ ಕಾಯಿಸೇ ಕುಡೀತೀನಿ, ಆಯ್ತಾ?" ಎಂದು ಒಳಗಿನಿಂದಲೇ ಕೂಗಿ ಹೇಳಿದರು. ಮರಳಿ ತಂದುಕೊಟ್ಟಾಗ ನೋಡುತ್ತೇನೆ, ಕಾಗದದ ನಾಲ್ಕು ಮೂಲೆಗೂ ಅರಿಶಿನ, ನಡುವೆ ಒಂದು ರೂಪಾಯಿಯಗಲ ಕುಂಕುಮ.

ಮರುದಿನ ಬೆಳಗ್ಗೆ ಅದನ್ನೇ ವಾರ್ಡ್ ಆಫೀಸಿಗೆ ಒಯ್ದೆ. ಇಂಜಿನಿಯರು ಓದಿ, ಬಾವಿ ಬಿಡುತ್ತೇವೆಂದು ಫೈಲಿನಲ್ಲಿ ಬರೆದು ಸಹಿ ಹಾಕಿದರು. ಆಮೇಲೆ ಕೆಂಪಾದ ತಮ್ಮ ಬೆರಳು ನೋಡಿಕೊಂಡು, "ಏನಮ್ಮ ಇದು, ಆಫೀಸ್ ಪೇಪರಿಗೆ?" ಎಂದರು.

"ಬಾವಿಗೆ ಬೀಳಬೇಕಾಗಿತ್ತು ಸಾರ್" ಎಂದೆ. "ನಾವೇ ತಡೆದ್ವಿ."